ಗುಳಿಗೆ ಒಂದೇ, ಮೈಗುಣ ಬೇರೆ

(ಹೃದ್ರೋಗ ವಿಭಾಗದಲ್ಲಿ ರೋಗಿಗಳಿಗೂ ಅವರೊಡನೆ ಬಂದ ಬಂಧುಗಳಿಗೂ ಏರ್ಪಡಿಸಿದ್ದ ತಿಳಿವಳಿಕೆ ಸಭೆಯಲ್ಲಿ ನಮ್ಮ ವೈದ್ಯರೊಬ್ಬರು ಆಡಿದ ಮಾತುಗಳ ಬರಹರೂಪ)



ಇಲ್ಲಿ ಕುಳಿತಿರುವ ಹಿರಿಯರು, ತಾಯಂದಿರು ಹೆಚ್ಚಿನವರು ಹೃದಯದ ತೊಂದರೆಗಾಗಿಯೇ ಈ ಆಸ್ಪತ್ರೆಯ ಮೆಟ್ಟಿಲು ಹತ್ತಿದವರು. ಕೆಲವರಿಗೆ ಹೃದಯಾಘಾತವಾಗಿದೆ. ಕೆಲವರಿಗೆ ಸ್ಟೆಂಟ್ ಹಾಕಿದ್ದೇವೆ. ಇನ್ನು ಕೆಲವರು ಅಣ್ಣನಿಗೋ ಅಪ್ಪನಿಗೋ ಜೊತೆಗಾರರಾಗಿ ಬಂದವರು. ನಿಮ್ಮ ಕೈಯಲ್ಲಿರುವ ಚೀಟಿಯಲ್ಲಿ ಏಳೆಂಟು ಗುಳಿಗೆಗಳ ಹೆಸರಿರುತ್ತದೆ. ಅವುಗಳಲ್ಲಿ ಎರಡರ ಬಗ್ಗೆ ಮಾತ್ರ ಇವತ್ತು ಹೇಳುತ್ತೇನೆ. ನೀವು 'ರಕ್ತ ತಿಳಿ ಮಾಡೋ ಗುಳಿಗಿ' ಅನ್ನುತ್ತೀರಲ್ಲ, ಅವೇ ಅವು. ಒಂದು ಆಸ್ಪಿರಿನ್, ಇನ್ನೊಂದು ಕ್ಲೊಪಿಡೊಗ್ರೆಲ್.

ಮೊದಲೇ ಒಂದು ವಿನಂತಿ. ಈ ಮಾತು ಕೇಳಿ ಮನೆಗೆ ಹೋದ ಮೇಲೆ ಯಾರೂ ತಾವಾಗಿಯೇ ಗುಳಿಗೆ ನಿಲ್ಲಿಸಬಾರದು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂಬುದು ಕೊನೆಗೆ ಗೊತ್ತಾಗುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಐವತ್ತೈದರ ಆಸುಪಾಸಿನ ಒಬ್ಬ ರೈತರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದೆವು. ಚೆನ್ನಾಗಿಯೇ ಮನೆಗೆ ಹೋದರು. ಹತ್ತೊಂಬತ್ತು ದಿನಕ್ಕೆ ನಡುರಾತ್ರಿ ಮತ್ತೆ ಎದೆನೋವು. ಜೀಪಿನಲ್ಲಿ ಹಾಕಿಕೊಂಡು ಬಂದರು. ನೋಡಿದರೆ ಹಾಕಿದ್ದ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿತ್ತು. ಅದನ್ನು ತೆರೆದು ಹೊರಗೆ ಬಂದವನು ನಾನು ಕೇಳಿದ ಮೊದಲ ಮಾತೇ, "ಗುಳಿಗೆ ತಪ್ಪಿಸಿದ್ದಿರೇನು?" ಎಂದು. ಅಷ್ಟು ಕೇಳಿದ್ದೇ ತಡ, ಮಗ ತಾಯಿಯ ಮೇಲೆ ರೇಗಿದ. "ನಿನಗ ಎಷ್ಟ ಸಲ ಹೇಳಿದ್ದೆ" ಎಂದು ಎಲ್ಲರೆದುರು ಕೂಗಾಡಿದ. ಆಕೆ ಏನೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಆ ತಾಯಿ ಒಂದು ಬಟ್ಟೆಯ ಚೀಲ ತಂದು ನನ್ನ ಮೇಜಿನ ಮೇಲೆ ಸುರಿದರು. ಖಾಲಿ ಪಟ್ಟಿಗಳು. "ಎಣಿಸಿ ನೋಡ್ರಿ ಸಾಹೇಬ್ರ, ಒಂದೂ ತಪ್ಪಿಸಿಲ್ರಿ. ನಾನ ಕೈಯಾಗ ಕೊಟ್ಟು, ನುಂಗೂ ತನಕಾ ಮುಂದ ನಿಂತೀನ್ರಿ" ಎಂದರು. ನಾನು ಎಣಿಸಿದೆ. ಕ್ಲೊಪಿಡೊಗ್ರೆಲ್‌ನ ಹತ್ತರ ಎರಡು ಪಟ್ಟಿ. ಒಂದು ಪೂರ್ತಿ ಖಾಲಿ, ಇನ್ನೊಂದರಲ್ಲಿ ಒಂದೇ ಒಂದು ಗುಳಿಗೆ ಉಳಿದಿತ್ತು. ಹತ್ತೊಂಬತ್ತು ದಿನಕ್ಕೆ ಹತ್ತೊಂಬತ್ತು. ಲೆಕ್ಕ ಸರಿಯಾಗಿತ್ತು. ಆಮೇಲೆ ಮಾಡಿಸಿದ ಒಂದು ಪರೀಕ್ಷೆಯಿಂದ ತಿಳಿದದ್ದು ಇಷ್ಟು: ಆಕೆ ಕೊಟ್ಟ ಗುಳಿಗೆ ಅವರ ಹೊಟ್ಟೆಗೆ ಹೋಗಿತ್ತು, ಆದರೆ ಔಷಧವಾಗಿ ಬದಲಾಗಿರಲಿಲ್ಲ. ತಪ್ಪು ಆ ತಾಯಿಯದೂ ಅಲ್ಲ, ರೋಗಿಯದೂ ಅಲ್ಲ. ಅವತ್ತಿನಿಂದ ನಾನು ಆ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಲು ಕಲಿತೆ.

ಇದು ಹೇಗೆ ಎಂದು ತಿಳಿಯಬೇಕಾದರೆ ರಕ್ತ ಹೆಪ್ಪುಗಟ್ಟುವ ವಿಚಾರ ಸ್ವಲ್ಪ ಗೊತ್ತಿರಬೇಕು. ಕುಡುಗೋಲು ತಾಗಿ ಬೆರಳು ಕೊಯ್ದರೆ ಸ್ವಲ್ಪ ಹೊತ್ತಿಗೆ ರಕ್ತ ತಾನೇ ನಿಲ್ಲುತ್ತದೆ. ಅದನ್ನು ಮೊದಲು ತಡೆಯುವುದು ಪ್ಲೇಟ್‌ಲೆಟ್ ಎಂಬ ಅತಿ ಚಿಕ್ಕ ಕಣಗಳು. ಡೆಂಗ್ಯೂ ಜ್ವರ ಬಂದಾಗ 'ಪ್ಲೇಟ್‌ಲೆಟ್ ಕಡಿಮೆ ಆಗಿದೆ' ಎಂದು ಕೇಳಿರುತ್ತೀರಿ, ಅವೇ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಸೂಜಿಮೊನೆಯಷ್ಟು ಹನಿಯಲ್ಲಿ, ಒಂದೂವರೆಯಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಗಾಯ ಕಂಡಲ್ಲಿ ಒಂದಕ್ಕೊಂದು ಅಂಟಿಕೊಂಡು ಬೆಣೆ ಹೊಡೆದಂತೆ ತೂತು ಮುಚ್ಚುತ್ತವೆ. ಕೆಲಸ ಒಳ್ಳೆಯದೇ. ತೊಂದರೆ ಏನೆಂದರೆ, ಹೃದಯದ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬಿನ ಗಡ್ಡೆ ಒಡೆದರೂ ಅವು ಗಾಯವೆಂದೇ ತಿಳಿಯುತ್ತವೆ. ಅಲ್ಲಿ ಹೋಗಿ ಅಂಟಿಕೊಂಡರೆ ಅದೇ ಹೃದಯಾಘಾತ. ನಾವು ಹಾಕುವ ಸ್ಟೆಂಟ್ ಲೋಹದ ಜಾಳಿಗೆ. ಅದರ ಮೇಲೆ ನಿಮ್ಮ ಸ್ವಂತ ಪೊರೆ ಬೆಳೆದು ಮುಚ್ಚುವ ತನಕ ಪ್ಲೇಟ್‌ಲೆಟ್‌ಗಳ ಕಣ್ಣಿಗೆ ಅದು ಪರಕೀಯ ವಸ್ತು. ಹಾಗಾಗಿ ಆ ತಿಂಗಳುಗಳಲ್ಲಿ ಅವುಗಳ ಕೈ ಕಟ್ಟಿಹಾಕಬೇಕಾಗುತ್ತದೆ.

ಆಸ್ಪಿರಿನ್ ಮಾಡುವುದು ಇದನ್ನೇ. ಹಳೆಯ ಔಷಧ, ಅಗ್ಗದ ಔಷಧ. 1988ರಲ್ಲಿ ಪ್ರಕಟವಾದ, 17 ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳನ್ನು ಒಳಗೊಂಡ ದೊಡ್ಡ ಅಧ್ಯಯನದಲ್ಲಿ, ಒಂದು ತಿಂಗಳು ಆಸ್ಪಿರಿನ್ ಕೊಟ್ಟಿದ್ದಕ್ಕೇ ಮೊದಲ ಐದು ವಾರಗಳ ಸಾವು ನೂರಕ್ಕೆ 23ರಷ್ಟು ಇಳಿಯಿತು. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತಾನು ಸಾಯುವ ತನಕ, ಅಂದರೆ ಏಳರಿಂದ ಹತ್ತು ದಿನ, ಮಂದವಾಗಿಯೇ ಇರುತ್ತದೆ. ಆದರೆ ದಿನವೂ ಹೊಸ ಪ್ಲೇಟ್‌ಲೆಟ್‌ಗಳು ಹುಟ್ಟುತ್ತವೆ, ಆದ್ದರಿಂದ ಗುಳಿಗೆಯೂ ದಿನವೂ ಬೇಕು.

ಸ್ಟೆಂಟ್ ಹಾಕಿಸಿಕೊಂಡವರಿಗೆ ಇದೊಂದೇ ಸಾಲದು. ಅದಕ್ಕೇ ಜೊತೆಗೆ ಕ್ಲೊಪಿಡೊಗ್ರೆಲ್. 1997ರಲ್ಲಿ ಬಳಕೆಗೆ ಬಂದ ಈ ಗುಳಿಗೆ ಲಕ್ಷಾಂತರ ಜನರನ್ನು ಉಳಿಸಿದೆ. ಆದರೆ ಇದರದೊಂದು ವಿಶೇಷವಿದೆ. ಇದು ಹೊಟ್ಟೆಗೆ ಹೋಗುವಾಗ ಔಷಧವಲ್ಲ.

ಜೋಳದ ಉದಾಹರಣೆ ತೆಗೆದುಕೊಳ್ಳಿ. ಮನೆಯಲ್ಲಿ ಜೋಳದ ಚೀಲವಿದ್ದರೆ ರೊಟ್ಟಿ ಆಗುವುದಿಲ್ಲ, ಅದನ್ನು ಗಿರಣಿಗೆ ಒಯ್ದು ಹಿಟ್ಟು ಮಾಡಿಸಬೇಕು. ಕ್ಲೊಪಿಡೊಗ್ರೆಲ್ ಜೋಳವಿದ್ದಂತೆ. ಅದನ್ನು ಹಿಟ್ಟು ಮಾಡುವ ಗಿರಣಿ ನಿಮ್ಮ ಲಿವರಿನಲ್ಲಿದೆ. ಅದೂ ಹೇಗೆ? ನೂರು ಪಾಲು ಗುಳಿಗೆ ಒಳಗೆ ಹೋದರೆ ಸುಮಾರು 85 ಪಾಲು ದಾರಿಯಲ್ಲೇ ನಿಷ್ಪ್ರಯೋಜಕವಾಗಿ ಹೋಗುತ್ತದೆ, ಇಲಿ ತಿಂದಂತೆ. ಉಳಿದ 15 ಪಾಲು ಮಾತ್ರ ಗಿರಣಿ ತಲುಪುತ್ತದೆ. ಅಲ್ಲಿ ಎರಡು ಸಲ ಬೀಸಿದ ಮೇಲೆ ಬರುವ ಹಿಟ್ಟೇ ನಿಜವಾದ ಔಷಧ. ಬೀಸುವ ಕಿಣ್ವಗಳು ಹಲವು ಇದ್ದರೂ ಮುಖ್ಯವಾದದ್ದರ ಹೆಸರು ಸಿವೈಪಿ2ಸಿ19. ಹೆಸರು ನೆನಪಿಡಬೇಕಿಲ್ಲ. ಗಿರಣಿ ಅನ್ನೋಣ.

ಈ ಗಿರಣಿಯನ್ನು ಕಟ್ಟುವ ನಕ್ಷೆ ನಮ್ಮ ಹತ್ತನೆಯ ವರ್ಣತಂತುವಿನ ಮೇಲಿದೆ. ವಂಶವಾಹಿ ಎನ್ನುವುದು ಇದಕ್ಕೇ. ಪ್ರತಿಯೊಬ್ಬರಲ್ಲೂ ಈ ನಕ್ಷೆಯ ಎರಡು ಪ್ರತಿ ಇರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಕೆಲವರಿಗೆ ಬಂದ ಪ್ರತಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿರುತ್ತದೆ. ಆ ಒಂದಕ್ಷರದಿಂದ ಗಿರಣಿ ತಿರುಗುವುದೇ ಇಲ್ಲ. ಒಂದು ಪ್ರತಿ ಮುಕ್ಕಾಗಿದ್ದರೆ ಅರ್ಧ ಕೆಲಸ, ಎರಡೂ ಮುಕ್ಕಾಗಿದ್ದರೆ ಜೋಳ ಬಹುತೇಕ ಜೋಳವಾಗಿಯೇ ಉಳಿಯುತ್ತದೆ. ಇದಕ್ಕೆ ವಿರುದ್ಧವಾಗಿ ಗಿರಣಿ ಜೋರಾಗಿ ತಿರುಗುವವರೂ ಇದ್ದಾರೆ, ಅವರಲ್ಲಿ ಹಿಟ್ಟು ಹೆಚ್ಚು.

ಇದು ರೋಗವಲ್ಲ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಗಿರಣಿ ಮುಕ್ಕಾದವರು ಉಂಡು, ದುಡಿದು, ಮಕ್ಕಳು ಮೊಮ್ಮಕ್ಕಳನ್ನು ಕಂಡು ಬಾಳುತ್ತಾರೆ. ಈ ಒಂದು ಬಗೆಯ ಗುಳಿಗೆ ಬೇಕಾಗುವ ದಿನ ಬರುವ ತನಕ ಅದು ಅವರಿಗೆ ಗೊತ್ತೇ ಆಗುವುದಿಲ್ಲ.

ಈಗ ನಮಗೆ ಸಂಬಂಧಪಟ್ಟ ಮಾತು. ಯುರೋಪಿನ ಬಿಳಿಯ ಜನರಲ್ಲಿ ಎರಡೂ ಪ್ರತಿ ಮುಕ್ಕಾದವರು ನೂರಕ್ಕೆ ಎರಡು ಮೂರು ಮಂದಿ. ನಮ್ಮ ದಕ್ಷಿಣ ಭಾರತದವರಲ್ಲಿ ಹಾಗಲ್ಲ. ಇಲ್ಲಿ ಹೆಚ್ಚುಕಡಿಮೆ ಪ್ರತಿ ಮೂರು ಪ್ರತಿಗಳಲ್ಲಿ ಒಂದು ಮುಕ್ಕಾದದ್ದು. ಲೆಕ್ಕ ಹಾಕಿದರೆ ನೂರು ಜನರಲ್ಲಿ ಹತ್ತು ಹನ್ನೆರಡು ಮಂದಿಗೆ ಎರಡೂ ಮುಕ್ಕು, ನಲವತ್ತಕ್ಕೂ ಮಿಕ್ಕಿದವರಿಗೆ ಒಂದು ಮುಕ್ಕು. ಚೀನಾ, ಜಪಾನ್ ಕಡೆಯೂ ಹೀಗೇ ಹೆಚ್ಚು. ಗುಳಿಗೆ ತಯಾರಾದದ್ದು, ಮೊದಲು ಪರೀಕ್ಷೆಯಾದದ್ದು ಹೆಚ್ಚಾಗಿ ಬಿಳಿಯರ ಮೇಲೆ. ನುಂಗುತ್ತಿರುವವರು ನಾವು. ಈ ಅಂತರವನ್ನು ನಮ್ಮ ವೈದ್ಯರೂ ತಡವಾಗಿ ಗಮನಿಸಿದೆವು ಎಂದು ಒಪ್ಪಿಕೊಳ್ಳಬೇಕು.

2009ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವರದಿ ಎಲ್ಲರ ಕಣ್ಣು ತೆರೆಸಿತು. ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದ ಸುಮಾರು ಒಂದೂವರೆ ಸಾವಿರ ಹೃದ್ರೋಗಿಗಳ ವಂಶವಾಹಿ ನೋಡಿದಾಗ, ಒಂದಾದರೂ ಮುಕ್ಕಾದ ಪ್ರತಿ ಇದ್ದವರಲ್ಲಿ ಸ್ಟೆಂಟ್ ಹೆಪ್ಪುಗಟ್ಟಿದ್ದು ನೂರಕ್ಕೆ 2.6 ಮಂದಿಗೆ, ಇಲ್ಲದವರಲ್ಲಿ 0.8 ಮಂದಿಗೆ. ಮೂರು ಪಟ್ಟು. 2010ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಗುಳಿಗೆಯ ಮಾಹಿತಿ ಪತ್ರದಲ್ಲಿ ಚೌಕಟ್ಟಿನೊಳಗೆ ಎಚ್ಚರಿಕೆ ಅಚ್ಚು ಹಾಕಿಸಿತು.

ಆದರೆ ಈ ಅಂಕಿಗಳನ್ನು ತಿರುಗಿಸಿಯೂ ನೋಡಿ. ಮುಕ್ಕಾದ ಪ್ರತಿ ಇದ್ದ ನೂರು ಜನರಲ್ಲಿ 97ಕ್ಕೂ ಹೆಚ್ಚು ಮಂದಿಗೆ ಸ್ಟೆಂಟ್ ಮುಚ್ಚಲಿಲ್ಲ. ವಂಶವಾಹಿಯೇ ಎಲ್ಲ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅಮಿಶ್ ಎಂಬ ಸಮುದಾಯವಿದೆ. ತಮ್ಮೊಳಗೇ ಮದುವೆ ಮಾಡಿಕೊಂಡು, ಕುದುರೆಗಾಡಿಯಲ್ಲಿ ಓಡಾಡಿಕೊಂಡು, ಒಕ್ಕಲುತನ ಮಾಡಿಕೊಂಡಿರುವ ಜನ. ಅವರಲ್ಲಿ ಆರೋಗ್ಯವಂತರಾದ 429 ಮಂದಿಗೆ ಒಂದು ವಾರ ಈ ಗುಳಿಗೆ ಕೊಟ್ಟು ನೋಡಿದ್ದು ಕೂಡ 2009ರಲ್ಲಿ ಪ್ರಕಟವಾಯಿತು. ಒಬ್ಬರಿಗೂ ಇನ್ನೊಬ್ಬರಿಗೂ ಇದ್ದ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ವಂಶದಿಂದಲೇ ಬಂದದ್ದು ಎಂದು ಕಂಡಿತು. ಆದರೆ ಈ ಒಂದು ಅಕ್ಷರದ ತಪ್ಪಿನಿಂದ ಆದದ್ದು ನೂರಕ್ಕೆ 12ರಷ್ಟು ಮಾತ್ರ. ಇವರು ಆರೋಗ್ಯವಂತರು ಎಂಬುದನ್ನು ಮರೆಯಬೇಡಿ. ರೋಗಿಗಳಲ್ಲಾದರೆ ಸಕ್ಕರೆ ಕಾಯಿಲೆ, ಮೈಯ ತೂಕ, ವಯಸ್ಸು, ಜೊತೆಗೆ ನುಂಗುವ ಬೇರೆ ಗುಳಿಗೆಗಳು, ಎಲ್ಲವೂ ಸೇರಿಕೊಳ್ಳುತ್ತವೆ.

ಬೇರೆ ಗುಳಿಗೆ ಎಂದಾಗ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಅಂಗಡಿಯಿಂದ ತಂದು ನುಂಗುವ 'ಗ್ಯಾಸಿನ ಗುಳಿಗಿ' ಇದೆಯಲ್ಲ, ಅದರಲ್ಲಿ ಒಮೆಪ್ರಜೋಲ್ ಎಂಬುದು ಇದೇ ಗಿರಣಿಗೆ ಅಡ್ಡ ನಿಲ್ಲುತ್ತದೆ. ಸರಿಯಾದ ಗಿರಣಿ ಇದ್ದವರಲ್ಲೂ ಬೀಸುವ ಕೆಲಸ ನಿಧಾನವಾಗುತ್ತದೆ. ಅಮೆರಿಕದ ಇಲಾಖೆ 2009ರಲ್ಲೇ ಇವೆರಡನ್ನೂ ಒಟ್ಟಿಗೆ ಕೊಡಬೇಡಿ ಎಂದಿತು. ಇದರಿಂದ ನಿಜವಾಗಿ ಹೃದಯಾಘಾತ ಹೆಚ್ಚುತ್ತದೆಯೇ ಎಂಬ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯವಿದೆ. 2010ರ ಒಂದು ಅಧ್ಯಯನದಲ್ಲಿ ಅಂಥ ಹಾನಿ ಕಾಣಲಿಲ್ಲ. ಆದರೂ ಅಷ್ಟು ತೊಂದರೆ ಕೊಡದ ಪ್ಯಾಂಟೊಪ್ರಜೋಲ್ ಇರುವಾಗ ಆ ಉಸಾಬರಿ ಯಾಕೆ ಎಂಬುದು ನನ್ನ ಅಭಿಪ್ರಾಯ. ಹೊಟ್ಟೆ ಉರಿಯುತ್ತಿದ್ದರೆ ನಮಗೆ ಹೇಳಿ, ನಾವೇ ಬರೆದು ಕೊಡುತ್ತೇವೆ. ಅಂಗಡಿಯವರನ್ನು ಕೇಳಿ ತೆಗೆದುಕೊಳ್ಳಬೇಡಿ. ಮೊಣಕಾಲು ನೋವಿಗೆ ನುಂಗುವ ಐಬುಪ್ರೊಫೆನ್ ಕೂಡ ಹೀಗೇ. ಅದು ಗಿರಣಿಗೆ ಬರುವುದಿಲ್ಲ, ಆಸ್ಪಿರಿನ್ ಹೋಗಿ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಸಂತೆಗೆ ಹೋದಾಗ ಮೈಕೈ ನೋವಿಗೆಂದು ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬರುವ ಗುಳಿಗೆಗಳಲ್ಲಿ ಏನಿರುತ್ತದೆಂದು ದೇವರೇ ಬಲ್ಲ.

ಹಾಗಾದರೆ ಎಲ್ಲರೂ ವಂಶವಾಹಿ ಪರೀಕ್ಷೆ ಮಾಡಿಸಬೇಕೇ? ಇದನ್ನು ಪ್ರತಿ ವಾರ ಯಾರಾದರೂ ಕೇಳುತ್ತಾರೆ. ಪರೀಕ್ಷೆ ಸುಲಭ. ಸ್ವಲ್ಪ ರಕ್ತ, ಇಲ್ಲವೇ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದ ಎಂಜಲು ಸಾಕು. ಖಾಲಿ ಹೊಟ್ಟೆ ಬೇಕಿಲ್ಲ. ಹುಟ್ಟಿನಿಂದ ಬಂದದ್ದು ಬದಲಾಗುವುದಿಲ್ಲವಾದ್ದರಿಂದ ಜೀವನದಲ್ಲಿ ಒಂದೇ ಸಲ ಮಾಡಿದರೆ ಆಯಿತು. ವರದಿಯಲ್ಲಿ ನಕ್ಷತ್ರದ ಗುರುತಿನ ಮುಂದೆ 1 ಎಂದಿದ್ದರೆ ಪ್ರತಿ ಸರಿಯಿದೆ ಎಂದರ್ಥ. 2 ಅಥವಾ 3 ಎಂದಿದ್ದರೆ ಮುಕ್ಕಾದದ್ದು. 17 ಎಂದಿದ್ದರೆ ಜೋರು ಗಿರಣಿ. ಆದರೆ ಖರ್ಚು ಇದೆ, ವರದಿ ಬರಲು ದಿನ ಹಿಡಿಯುತ್ತದೆ, ಎಲ್ಲ ಊರುಗಳಲ್ಲಿ ಸಿಗುವುದೂ ಇಲ್ಲ.

ಪರೀಕ್ಷೆಯಿಂದ ಲಾಭ ಎಷ್ಟು? ಹೆಚ್ಚಾಗಿ ನೆದರ್ಲೆಂಡ್ಸ್‌ನಲ್ಲಿ ಸುಮಾರು 2,500 ರೋಗಿಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧ ಜನಕ್ಕೆ ಪರೀಕ್ಷೆ ಮಾಡಿ, ಗಿರಣಿ ಸರಿಯಿದ್ದವರಿಗೆ ಮಾತ್ರ ಕ್ಲೊಪಿಡೊಗ್ರೆಲ್ ಕೊಟ್ಟರು. ಉಳಿದವರಿಗೆಲ್ಲ ಬಲವಾದ ಗುಳಿಗೆ. ಪರೀಕ್ಷೆ ಮಾಡಿದ ಗುಂಪಿನಲ್ಲಿ ಹೃದಯಕ್ಕೆ ರಕ್ಷಣೆ ಕಡಿಮೆಯಾಗಲಿಲ್ಲ, ರಕ್ತಸ್ರಾವ ಕಡಿಮೆಯಾಯಿತು. ಅಮೆರಿಕ ಮತ್ತಿತರ ದೇಶಗಳಲ್ಲಿ 5,302 ರೋಗಿಗಳ ಮೇಲೆ ನಡೆದ ಇನ್ನೊಂದರ ಫಲ 2020ರಲ್ಲಿ ಬಂತು. ಅಲ್ಲಿ ಮುಕ್ಕಾದ ಪ್ರತಿ ಇದ್ದವರಲ್ಲಿ, ಪರೀಕ್ಷೆ ನೋಡಿ ಗುಳಿಗೆ ಬದಲಿಸಿದ ಗುಂಪಿಗೆ ವರ್ಷದಲ್ಲಿ ನೂರಕ್ಕೆ 4.0, ಬದಲಿಸದ ಗುಂಪಿಗೆ 5.9 ಮಂದಿಗೆ ತೊಂದರೆಯಾಯಿತು. ವ್ಯತ್ಯಾಸ ಕಂಡರೂ ಲೆಕ್ಕಶಾಸ್ತ್ರದ ಗೆರೆಯನ್ನು ಸ್ವಲ್ಪದರಲ್ಲಿ ದಾಟಲಿಲ್ಲ. ಪಾರ್ಶ್ವವಾಯುವಿನ ರೋಗಿಗಳಲ್ಲಿ ಚೀನಾದವರು ಮಾಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾತ್ರ, ಮುಕ್ಕಾದ ಪ್ರತಿ ಇದ್ದವರಿಗೆ ಗುಳಿಗೆ ಬದಲಿಸಿದ್ದರಿಂದ ಸ್ಪಷ್ಟ ಲಾಭ ಕಂಡಿತು. ಆದ್ದರಿಂದ ನಾವು ಎಲ್ಲರಿಗೂ ಪರೀಕ್ಷೆ ಬರೆಯುವುದಿಲ್ಲ. ಗುಳಿಗೆ ಸರಿಯಾಗಿ ತೆಗೆದುಕೊಂಡರೂ ಸ್ಟೆಂಟ್ ಮುಚ್ಚಿದವರಿಗೆ, ಮುಖ್ಯ ನಾಳದಲ್ಲಿ ಅಥವಾ ಎರಡು ಮೂರು ಕಡೆ ಸ್ಟೆಂಟ್ ಇರುವವರಿಗೆ, ಬಲವಾದ ಗುಳಿಗೆ ಕೊಡಲು ಹಿಂದೆಮುಂದೆ ನೋಡಬೇಕಾದವರಿಗೆ ಬರೆಯುತ್ತೇವೆ. ಸ್ಟೆಂಟ್ ಇಲ್ಲದೆ ಬರೀ ಔಷಧದ ಮೇಲಿರುವವರಿಗೆ ಈ ವಂಶವಾಹಿಯಿಂದ ಅಷ್ಟು ವ್ಯತ್ಯಾಸ ಕಂಡುಬಂದಿಲ್ಲ.

ಗಿರಣಿ ಮುಕ್ಕಾಗಿದೆ ಎಂದು ತಿಳಿದರೆ ದಾರಿ ಇದೆ. ಟಿಕಾಗ್ರೆಲಾರ್ ಎಂಬ ಗುಳಿಗೆ ಹಿಟ್ಟಾಗಿಯೇ ಬರುತ್ತದೆ, ಅದಕ್ಕೆ ಗಿರಣಿ ಬೇಡ. ಪ್ರಾಸುಗ್ರೆಲ್ ಎಂಬುದನ್ನು ಬೀಸಬೇಕು, ಆದರೆ ಅದು ಬೇರೆ ಗಿರಣಿಯಲ್ಲಿ ಸಲೀಸಾಗಿ ಬೀಸಲ್ಪಡುತ್ತದೆ. ಹಾಗಿದ್ದರೆ ಎಲ್ಲರಿಗೂ ಇವನ್ನೇ ಕೊಡಬಾರದೇಕೆ ಎಂದು ಕೇಳುತ್ತೀರಿ. ಬಲವಾದ ಗುಳಿಗೆಗೆ ರಕ್ತಸ್ರಾವವೂ ಹೆಚ್ಚು. ಹಿಂದೆ ಪಾರ್ಶ್ವವಾಯು ಆದವರಿಗೆ ಪ್ರಾಸುಗ್ರೆಲ್ ಕೊಡುವಂತಿಲ್ಲ. 75 ದಾಟಿದವರಿಗೆ, 60 ಕಿಲೋಗಿಂತ ಕಡಿಮೆ ತೂಗುವವರಿಗೆ ಎಚ್ಚರ ಬೇಕು, ನಮ್ಮ ಹಳ್ಳಿಯ ಅಜ್ಜ ಅಜ್ಜಿಯರಲ್ಲಿ 60 ಕಿಲೋ ತೂಗುವವರು ಎಷ್ಟು ಜನ ಹೇಳಿ! ಟಿಕಾಗ್ರೆಲಾರ್‌ನಿಂದ ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ಅದನ್ನು ದಿನಕ್ಕೆ ಎರಡು ಸಲ ತೆಗೆದುಕೊಳ್ಳಬೇಕು. ಅದರ ಹಿಡಿತ ಬೇಗ ಸಡಿಲುವುದರಿಂದ ರಾತ್ರಿಯದು ಮರೆತರೆ ಬೆಳಗಿನ ಹೊತ್ತಿಗೆ ಕಾವಲು ತೆಳುವಾಗಿರುತ್ತದೆ. ದಿನಕ್ಕೊಂದು ಗುಳಿಗೆಯನ್ನೇ ಮರೆಯುವವರಿಗೆ ಎರಡು ಹೊತ್ತಿನದು ಬರೆಯಲು ನನಗೆ ಧೈರ್ಯ ಸಾಲದು. ಬೆಲೆ ಮೊದಲಿಗಿಂತ ಇಳಿದಿದೆ, ಹಲವು ಕಂಪನಿಗಳು ತಯಾರಿಸುತ್ತಿವೆ. ಆದರೂ ಕ್ಲೊಪಿಡೊಗ್ರೆಲ್‌ನಷ್ಟು ಅಗ್ಗವಲ್ಲ.

ಇನ್ನು ಕೆಲವರು ಜಾಣರು, "ಹಂಗಿದ್ರ ಅದನ್ನ ಎರಡೆರಡು ನುಂಗಿದ್ರಾತು" ಎನ್ನುತ್ತಾರೆ. ಅದನ್ನೂ ಪ್ರಯೋಗ ಮಾಡಿ ನೋಡಿದ್ದಾರೆ. 2011ರ ಅಧ್ಯಯನದಂತೆ ಒಂದು ಪ್ರತಿ ಮುಕ್ಕಾದವರಿಗೆ ಮೂರು ಪಟ್ಟು ಗುಳಿಗೆ ಬೇಕಾಯಿತು. ಎರಡೂ ಮುಕ್ಕಾದವರಿಗೆ ನಾಲ್ಕು ಪಟ್ಟು ಕೊಟ್ಟರೂ ಸಾಕಾಗಲಿಲ್ಲ. ಕಲ್ಲೇ ತಿರುಗದ ಗಿರಣಿಗೆ ಎಷ್ಟು ಜೋಳ ಸುರಿದರೇನು?

ಮನೆಯವರಿಗೆ ಒಂದು ಮಾತು. ಒಬ್ಬರಿಗೆ ಎರಡೂ ಪ್ರತಿ ಮುಕ್ಕಾಗಿದ್ದರೆ ಅವರ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಹಾಗೇ ಇರುವ ಸಂಭವ ನಾಲ್ಕರಲ್ಲಿ ಒಂದು, ಅಥವಾ ಅದಕ್ಕಿಂತ ಹೆಚ್ಚು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮ ಕಡೆ ಇರುವುದರಿಂದ ಒಂದೇ ಮನೆತನದ ಮುಕ್ಕು ಎರಡೂ ಕಡೆಯಿಂದ ಬಂದು ಸೇರುವುದು ಸುಲಭ. ಹೆದರಬೇಕಿಲ್ಲ. ನಾಳೆ ತಮ್ಮನಿಗೋ ತಂಗಿಗೋ ಸ್ಟೆಂಟ್ ಹಾಕುವ ಪ್ರಸಂಗ ಬಂದರೆ "ನಮ್ಮ ಅಣ್ಣನಿಗೆ ಈ ಗುಳಿಗೆ ಹತ್ತಿರಲಿಲ್ಲ" ಎಂದು ವೈದ್ಯರಿಗೆ ಹೇಳಿ, ಅಷ್ಟೇ.

ಈಗ, ಮೊದಲೇ ವಿನಂತಿ ಮಾಡಿಕೊಂಡೆನಲ್ಲ, ಅದರ ಕಾರಣ. ಹೀಗೇ ಇನ್ನೊಂದು ಸಭೆಯಲ್ಲಿ ಮಾತಾಡಿದ್ದೆ. ಕೇಳಿದವರೊಬ್ಬರು ಮನೆಗೆ ಹೋಗಿ "ನಮ್ಮಂಥವರಿಗೆ ಇದು ಹತ್ತೂದಿಲ್ಲಂತ" ಎಂದು ಕ್ಲೊಪಿಡೊಗ್ರೆಲ್ ಬಿಟ್ಟುಬಿಟ್ಟರು. ಸ್ಟೆಂಟ್ ಹಾಕಿ ಎರಡು ತಿಂಗಳಾಗಿತ್ತು. ಎಂಟನೆಯ ದಿನ ಅವರನ್ನು ತುರ್ತು ವಿಭಾಗಕ್ಕೆ ತಂದರು. ಉಳಿದರು, ಆದರೆ ಹೃದಯದ ಶಕ್ತಿ ಕುಗ್ಗಿತು. ಮುಂಚಿನಂತೆ ಹೊಲಕ್ಕೆ ಹೋಗಲಾರರು. ಅವರ ಗಿರಣಿ ಪೂರ್ತಿ ಸರಿಯಿತ್ತು ಎಂದು ಆಮೇಲೆ ಗೊತ್ತಾಯಿತು. ಅವತ್ತು ನಾನು ಆಡಿದ ಮಾತಿನಲ್ಲಿ ಏನೋ ಕೊರತೆಯಿತ್ತು ಎಂದು ಈಗಲೂ ನನ್ನ ಮನಸ್ಸು ಚುಚ್ಚುತ್ತದೆ. ಸ್ಟೆಂಟ್ ಮುಚ್ಚಿಕೊಂಡು ಬರುವವರಲ್ಲಿ ವಂಶವಾಹಿಗಿಂತ ಗುಳಿಗೆ ಬಿಟ್ಟದ್ದೇ ಬಹಳ ಸಲ ಕಾರಣವಾಗಿರುತ್ತದೆ. ಮುಕ್ಕು ಗಿರಣಿಯವರಿಗೂ ಬದಲಿ ಗುಳಿಗೆ ಕೈಗೆ ಬರುವ ತನಕ ಇದೇ ಗುಳಿಗೆ ಇರಬೇಕು.

ಹಲ್ಲು ಕೀಳಿಸಲು ಹೋದಾಗ ದಂತವೈದ್ಯರು ನಿಲ್ಲಿಸಿ ಎಂದರೆ ನಮಗೊಂದು ಫೋನ್ ಮಾಡಿ, ಸಾಮಾನ್ಯವಾಗಿ ನಿಲ್ಲಿಸದೆಯೇ ಕೀಳಬಹುದು. ಶಿವರಾತ್ರಿಯ ಉಪವಾಸ, ಶ್ರಾವಣ ಸೋಮವಾರದ ಒಪ್ಪತ್ತು, ರಂಜಾನಿನ ರೋಜಾ ಯಾವುದೇ ಇರಲಿ, ಆ ದಿನದ ಗುಳಿಗೆಯ ಹೊತ್ತನ್ನು ನಮ್ಮನ್ನು ಕೇಳಿ ಹೊಂದಿಸಿಕೊಳ್ಳಿ, ಬಿಡಬೇಡಿ. ಒಸಡಿನಲ್ಲಿ ಸ್ವಲ್ಪ ರಕ್ತ ಕಂಡರೆ, ಮೈಮೇಲೆ ಚಿಕ್ಕ ನೀಲಿ ಕಲೆ ಬಂದರೆ ಗಾಬರಿ ಬೇಡ. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ತಲೆಗೆ ಪೆಟ್ಟು ಬಿದ್ದರೆ ಹಗಲು ರಾತ್ರಿ ನೋಡದೆ ಬನ್ನಿ.

ಮೊದಲು ಹೇಳಿದ ಆ ರೈತರು ಟಿಕಾಗ್ರೆಲಾರ್ ಮೇಲೆ ಒಂದು ವರ್ಷ ಕಳೆದರು, ಈಗ ಆಸ್ಪಿರಿನ್ ಮಾತ್ರ. ತಪಾಸಣೆಗೆ ಬಂದಾಗಲೆಲ್ಲ ಆ ತಾಯಿ ಖಾಲಿ ಪಟ್ಟಿಗಳ ಚೀಲ ತರುತ್ತಾರೆ. ಬೇಡವೆಂದರೂ ಕೇಳುವುದಿಲ್ಲ, ನಾನು ಎಣಿಸಲೇಬೇಕು. ಮಗ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತಾನೆ.

ಈಗ ನಿಮ್ಮ ನಿಮ್ಮ ಚೀಲದಲ್ಲಿರುವ ಗುಳಿಗೆಗಳನ್ನೆಲ್ಲ ಹೊರಗೆ ತೆಗೆಯಿರಿ. ಸಿಸ್ಟರ್ ಒಬ್ಬೊಬ್ಬರ ಹತ್ತಿರವೂ ಬರುತ್ತಾರೆ. ಗ್ಯಾಸಿನದು, ನೋವಿನದು, ಸಂತೆಯ ಪೊಟ್ಟಣ ಏನಿದ್ದರೂ ತೋರಿಸಿ, ಬಚ್ಚಿಡಬೇಡಿ. ನಾವು ಯಾರೂ ಬೈಯುವುದಿಲ್ಲ.